ಯಂತ್ರದ ಸದ್ದೋ, ದುಡಿಮೆಯ ಹಾಡೋ?

ಸೊಲ್ಲಾಪುರದ ಪೂರ್ವ ಭಾಗದ ಓಣಿಗಳಲ್ಲಿ ವಿದ್ಯುತ್ ಮಗ್ಗಗಳು ನಡೆಯುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸದು. ಲಾಳಿ ಅಂಚಿನಿಂದ ಅಂಚಿಗೆ ಚಿಮ್ಮುತ್ತದೆ. ಹಣಿಗೆ ಹೊಕ್ಕಿನ ನೂಲನ್ನು ಬಡಿದು ಕೂಡಿಸುತ್ತದೆ. ಅದೇ ಏಟು, ಅದೇ ಅಂತರ. ಈ ಸದ್ದನ್ನು ಸಂಗೀತವೆನ್ನಬಹುದೇ?

ಯಂತ್ರದ ಸದ್ದಿಗೂ ಸಂಗೀತದಲ್ಲಿ ಸ್ಥಾನವುಂಟೆಂದು ಇಟಲಿಯ ಲುಯಿಜಿ ರುಸ್ಸೊಲೊ 1913ರಲ್ಲಿಯೇ ವಾದಿಸಿದನು. 1976ರಲ್ಲಿ ಲಂಡನ್ನಿನ ಥ್ರಾಬಿಂಗ್ ಗ್ರಿಸಲ್ ತಂಡದವರು ‘ಇಂಡಸ್ಟ್ರಿಯಲ್ ರೆಕಾರ್ಡ್ಸ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ‘ಕೈಗಾರಿಕಾ ಸಂಗೀತ’ವೆಂಬ ಪ್ರಕಾರಕ್ಕೆ ಆ ಹೆಸರೇ ನಿಂತಿತು. ಮುಂದೆ ಬರ್ಲಿನ್ನಿನ ತಂಡವೊಂದು ಲೋಹದ ತುಂಡುಗಳನ್ನು ಬಡಿದು ನುಡಿಸಿತು. ಅಮೆರಿಕದ ತಂಡಗಳು ಗಿಟಾರನ್ನೂ ಕುಣಿತದ ತಾಳವನ್ನೂ ಬೆರೆಸಿದವು. ಇವುಗಳಲ್ಲಿ ಅಸಲು ಯಾವುದೆಂಬ ವ್ಯಾಜ್ಯ ಅಭಿಮಾನಿಗಳಲ್ಲಿ ಇನ್ನೂ ಮುಗಿದಿಲ್ಲ.

ಸೊಲ್ಲಾಪುರದ ಚಾದರದ ಅಸಲುತನವನ್ನು ನಿರ್ಣಯಿಸಲು 1999ರ ಭೌಗೋಳಿಕ ಸೂಚಕಗಳ ಕಾಯಿದೆಯಿದೆ. ಬೇರೆಡೆ ನೇಯ್ದುದಕ್ಕೆ ಆ ಹೆಸರು ಸಲ್ಲದು. ಸಂಗೀತಕ್ಕೆ ಅಂಥ ನೋಂದಣಿ ಇಲ್ಲ. ಆದರೂ ಕೇಳತಕ್ಕ ಪ್ರಶ್ನೆ ಅದೇ: ಇದು ಎಲ್ಲಿ, ಯಾರ ದುಡಿಮೆಯಿಂದ ಹುಟ್ಟಿತು?

ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಕುಳಿತು ತ್ರಿಪದಿಗಳನ್ನು ಹಾಡುತ್ತಿದ್ದರು. ಕಲ್ಲಿನ ಸುತ್ತೇ ತಾಳ. ಕೈಯ ದಣಿವೇ ಲಯ. ಹಿಟ್ಟಿನ ಗಿರಣಿ ಬಂದಿತು, ಕಲ್ಲಿನೊಡನೆ ಹಾಡೂ ಮೂಲೆ ಸೇರಿತು. ಸೊಲ್ಲಾಪುರದಲ್ಲಿ 1877ರಲ್ಲಿ ಆರಂಭವಾದ, ಇಂದಿಗೂ ಜನರು ‘ಹಳೆ ಗಿರಣಿ’ಯೆಂದು ನೆನೆಯುವ ಬಟ್ಟೆಯ ಗಿರಣಿಯಲ್ಲಂತೂ ಯಂತ್ರದ ಅಬ್ಬರದ ನಡುವೆ ಕೊರಳಿಗೆ ಎಡೆಯೆಲ್ಲಿ? ಕಾರ್ಮಿಕನ ಹಾಡು ಗಿರಣಿಯ ಹೊರಗೆ ಹುಟ್ಟಬೇಕಾಯಿತು. ಇದೇ ಜಿಲ್ಲೆಯ ಬಾರ್ಶಿಯ ಶಾಹೀರ ಅಮರ ಶೇಖರು ಗಿರಣಿಯಲ್ಲಿ ದುಡಿದವರು. ಅವರ ದನಿ ಮೊಳಗಿದ್ದು ಕಾರ್ಮಿಕರ ಸಭೆಗಳಲ್ಲಿ.

ಲಂಡನ್ನಿನ ಶ್ರೋತೃ ಬೇಸರವಾದಾಗ ಸಭಾಂಗಣದಿಂದ ಎದ್ದು ಹೋಗಬಲ್ಲನು. ಮಗ್ಗದವನಿಗೆ ಆ ಸ್ವಾತಂತ್ರ್ಯವಿಲ್ಲ. ವರ್ಷಗಟ್ಟಲೆ ಅದೇ ಸದ್ದಿನಲ್ಲಿ ನಿಂತವರ ಕಿವಿ ಮಂದವಾಗುತ್ತದೆ. ಇದರಿಂದ ಆ ತಂಡಗಳ ಸಂಗೀತ ನಕಲಿಯೆಂದಾಗದು. ಅವು ಸದ್ದಿಗೆ ಸಾಕ್ಷಿ ನುಡಿದಿವೆ. ಸದ್ದಿನೊಳಗೆ ಬದುಕಿದವರ ಸಾಕ್ಷಿಯನ್ನು ಮಾತ್ರ ಇನ್ನೂ ಪೂರ್ತಿಯಾಗಿ ಕೇಳಿಲ್ಲ. ಅದಿಲ್ಲದೆ ತೀರ್ಪು ಹೇಗೆ?

ಆ ಸಾಕ್ಷಿ ದೂರವಿಲ್ಲ. ಕನ್ನಡ ಶಾಲೆಗೆ ಹೋಗುವ ಎಷ್ಟೋ ಮಕ್ಕಳ ಮನೆಗಳಲ್ಲಿ ಬೀಸುವ ಪದ ಬಲ್ಲ ಅಜ್ಜಿಯಿದ್ದಾಳೆ, ಗಿರಣಿಯ ಭೋಂಗಾ ಕೇಳಿ ಎದ್ದು ನಡೆದ ಅಜ್ಜನಿದ್ದಾನೆ. ಅವರು ಹೇಳುವುದನ್ನು ಬರೆದಿಡಲು ಒಂದು ನೋಟುಬುಕ್ಕು ಸಾಕು. ಆದರೆ ಅವರಿರುವಾಗಲೇ ಬರೆಯಬೇಕು.