ಚಿತ್ರದ ಮೇಲಣ ಹೆಸರು

ಶಾಲೆಯ ಚಿತ್ರದ ಮೇಲೆ ಹಳೆಯ ವಿದ್ಯಾರ್ಥಿಗಳ ಹೆಸರುಗಳು ಒಂದೊಂದಾಗಿ ಮೂಡುವಂತೆ ಗಣಕಕ್ಕೆ ಪ್ರೋಗ್ರಾಂ ಬರೆಯುವ ಮಕ್ಕಳಿಗೆ ನಾನು ಒಂದು ವಿಷಯವನ್ನು ವಿವರಿಸಬಯಸುತ್ತೇನೆ. ಹೆಸರನ್ನು ತೋರುವ ಲೇಬಲ್ ಸಾಮಾನ್ಯವಾಗಿ ಬೂದುಬಣ್ಣದ ಚೌಕವಾಗಿ ನಿಂತು ಚಿತ್ರವನ್ನು ಮರೆಮಾಡುತ್ತದೆ. ವಿಂಡೋಸ್ ವ್ಯವಸ್ಥೆಯಲ್ಲಿ ಲೇಬಲ್ ತನ್ನನ್ನು ಚಿತ್ರಿಸಿಕೊಳ್ಳುವ ಮುನ್ನ, ಹಿನ್ನೆಲೆಗೆ ಯಾವ ಕುಂಚವೆಂದು ತಾನಿರುವ ಮೂಲ ಕಿಟಕಿಯನ್ನು ಕೇಳುತ್ತದೆ. ಬಣ್ಣವಿಲ್ಲದ ಕುಂಚವನ್ನಿತ್ತು, ಅಕ್ಷರಗಳ ಹಿನ್ನೆಲೆಯನ್ನೂ ಪಾರದರ್ಶಕವೆಂದು ವಿಧಿಸಿದರೆ ಚೌಕ ಮಾಯವಾಗುತ್ತದೆ.

ಆದರೆ ಆಗ ಹಳೆಯದನ್ನು ಅಳಿಸುವವರಿಲ್ಲ. ಒರೆಸದ ಸ್ಲೇಟಿನಲ್ಲಿ ಬರೆದಂತೆ ಒಂದು ಹೆಸರಿನ ಮೇಲೆ ಇನ್ನೊಂದು ಬೀಳುತ್ತದೆ. ಒತ್ತಕ್ಷರಗಳುಳ್ಳ ನಮ್ಮ ಲಿಪಿಯಲ್ಲಂತೂ ಎರಡನ್ನೂ ಓದಲಾಗದು. ಆದುದರಿಂದ ಹೆಸರು ಬದಲಾದಾಗಲೆಲ್ಲ ಮೂಲ ಕಿಟಕಿಯಿಂದ ಅಷ್ಟು ಭಾಗದ ಚಿತ್ರವನ್ನು ಮತ್ತೆ ಬರೆಯಿಸಿ, ಬಳಿಕ ಲೇಬಲನ್ನು ಚಿತ್ರಿಸಬೇಕು. ಹೀಗೆ ಮಾಡಿದಲ್ಲಿ ಪ್ರತಿಯೊಬ್ಬರ ಹೆಸರೂ ಸ್ಫುಟವಾಗಿ ಕಾಣುವುದು.