ಕುರ್ಚಿಯಿಂದ ಇಳಿಸುವ ಅಧಿಕಾರ ಯಾರದು?

ಕ್ಯಾತಗಾನಚೆರ್ಲು ಸೀಮೆಯವರಿಗೆ ಆಂಧ್ರದ ಗಡಿ ದೂರವಲ್ಲ. ನಮ್ಮ ಪಾವಗಡ ತಾಲ್ಲೂಕನ್ನು ಬಹುಪಾಲು ಆಂಧ್ರವೇ ಸುತ್ತುವರಿದಿದೆ. ಗಡಿಯಾಚೆಯ ಮಡಕಶಿರಾ, ರೊಳ್ಳ, ಅಗಳಿ ಕಡೆ ಮನೆಮಾತು ಕನ್ನಡವೇ, ಹೆಣ್ಣು ಕೊಟ್ಟು ತರುವ ನಂಟಸ್ತಿಕೆಯೂ ಉಂಟು. ಆದರೆ ಪಂಚಾಯಿತಿ ಚುನಾವಣೆ ಬಂತೆಂದರೆ ನಂಟರ ದಾರಿ ಬೇರೆಬೇರೆ. ಅಲ್ಲಿನ ಮತದಾರರ ಕೈಗೆ ಎರಡು ಮತಪತ್ರ ಬರುತ್ತವೆ: ಒಂದು ವಾರ್ಡ್ ಸದಸ್ಯರಿಗೆ, ಇನ್ನೊಂದು ನೇರವಾಗಿ ಸರಪಂಚರಿಗೆ. ಇಲ್ಲಿ ನಾವು ಸದಸ್ಯರನ್ನು ಆರಿಸಿ ಮನೆಗೆ ಬರುತ್ತೇವೆ. ಅಧ್ಯಕ್ಷರನ್ನು ಸದಸ್ಯರೇ ತಮ್ಮೊಳಗೆ ಆರಿಸಿಕೊಳ್ಳುತ್ತಾರೆ.

ಕೂರಿಸುವ ದಾರಿ ಬೇರೆಯಾದರೆ ಇಳಿಸುವ ದಾರಿಯೂ ಬೇರೆ. ನಮ್ಮ ಅಧ್ಯಕ್ಷರ ಮೇಲೆ ಸದಸ್ಯರು ಅವಿಶ್ವಾಸ ತಂದು, ಮೂರನೇ ಎರಡರಷ್ಟು ಬಹುಮತವಿದ್ದರೆ ಇಳಿಸಬಹುದು. ಆಂಧ್ರದ ವಾರ್ಡ್ ಸದಸ್ಯರಿಗೆ ಸರಪಂಚರ ಮೇಲೆ ಈ ಅಸ್ತ್ರವಿಲ್ಲ. ತಪ್ಪು ನಡೆದರೆ ಕಲೆಕ್ಟರ್ ಕ್ರಮ ಕೈಗೊಳ್ಳಬೇಕು. ಸರಪಂಚ ಪದವಿಯನ್ನು ಪೂರ್ತಿ ಅಧ್ಯಕ್ಷೀಯ ಪದ್ಧತಿ ಎನ್ನಲಾಗದು, ಪಂಚಾಯಿತಿ ಸಭೆ ನಡೆಸುವವರೂ ಅವರೇ. ಆದರೂ ಅಧ್ಯಕ್ಷೀಯ ಮತ್ತು ಸಂಸದೀಯ ಪದ್ಧತಿಗಳ ಮುಖ್ಯ ವ್ಯತ್ಯಾಸ ಇಲ್ಲೇ ಕಾಣುತ್ತದೆ.

ಅಧ್ಯಕ್ಷೀಯ ಪದ್ಧತಿಯ ಅಮೆರಿಕವನ್ನೇ ನೋಡಿ: ಅಧ್ಯಕ್ಷರಿಗೆ 4 ವರ್ಷ ನಿಗದಿ. ಅಲ್ಲಿನ ಸಂಸತ್ತಾದ ಕಾಂಗ್ರೆಸ್‌ನಲ್ಲಿ ಬಹುಮತ ಇಲ್ಲದಿದ್ದರೂ ಕುರ್ಚಿ ಅಲುಗದು. ಮಹಾಭಿಯೋಗದಲ್ಲಿ ಅವರನ್ನು ಇಳಿಸಲು ಸೆನೆಟ್‌ನಲ್ಲಿ ಮೂರನೇ ಎರಡು ಮತ ಬೇಕು. ಹಾಗೆ ಪದಚ್ಯುತರಾದ ಅಧ್ಯಕ್ಷರು ಇದುವರೆಗೆ ಒಬ್ಬರೂ ಇಲ್ಲ. ಅಧ್ಯಕ್ಷರ ಸಂಪುಟದವರು ಕಾಂಗ್ರೆಸ್ ಸದಸ್ಯರಾಗಿ ಮುಂದುವರಿಯುವಂತೆಯೂ ಇಲ್ಲ.

ನಮ್ಮಲ್ಲಿ ಇದು ತಲೆಕೆಳಗು. ಶಾಸಕಾಂಗದಲ್ಲಿ ಜಾಗವಿಲ್ಲದವರು 6 ತಿಂಗಳಿಗಿಂತ ಹೆಚ್ಚು ಮಂತ್ರಿಯಾಗಿರಲಾರರು. 2013ರಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ ಪಕ್ಷ ಗೆದ್ದಿತು, ಆದರೆ ಕೆಪಿಸಿಸಿ ಅಧ್ಯಕ್ಷ ಜಿ. ಪರಮೇಶ್ವರ ಕೊರಟಗೆರೆಯಲ್ಲಿ ಸೋತರು. ಮುಖ್ಯಮಂತ್ರಿ ಯಾರು ಎಂಬ ಚರ್ಚೆಯಲ್ಲಿ ಅವರ ಹೆಸರು ಹಿಂದೆ ಸರಿಯಿತು. ಮುಂದಿನ ವರ್ಷ ವಿಧಾನ ಪರಿಷತ್ತಿಗೆ ಬಂದು, 2015ರಲ್ಲಿ ಗೃಹ ಸಚಿವರಾದರು. ಒಂದು ತಾಲ್ಲೂಕಿನ ಮತ ರಾಜ್ಯದ ನಾಯಕತ್ವವನ್ನು ಮುಟ್ಟುವುದು ಈ ಪದ್ಧತಿಯಲ್ಲಿ ಮಾತ್ರ.

ಅದೇ ಪರಮೇಶ್ವರ 2018ರಲ್ಲಿ ಕೊರಟಗೆರೆಯಿಂದ ಗೆದ್ದು ಎಚ್.ಡಿ. ಕುಮಾರಸ್ವಾಮಿ ಸರ್ಕಾರದಲ್ಲಿ ಉಪಮುಖ್ಯಮಂತ್ರಿಯಾದರು. 14 ತಿಂಗಳಲ್ಲಿ ಹದಿನೈದಕ್ಕೂ ಹೆಚ್ಚು ಶಾಸಕರು ಆ ಸರ್ಕಾರದಿಂದ ದೂರ ಸರಿದರು. 2019ರ ಜುಲೈ 23ರ ಸಂಜೆ ವಿಧಾನಸಭೆಯಲ್ಲಿ ವಿಶ್ವಾಸಮತಕ್ಕಾಗಿ ಸದಸ್ಯರನ್ನು ಎದ್ದು ನಿಲ್ಲಿಸಿ ತಲೆ ಎಣಿಸಿದರು: ಪರ 99, ವಿರೋಧ 105. ಕುಮಾರಸ್ವಾಮಿ ಸರ್ಕಾರ ಬಿತ್ತು.

ಇಂಥ ಅಸ್ಥಿರತೆಯ ಅರಿವು ಸಂವಿಧಾನ ಬರೆದವರಿಗೆ ಇತ್ತು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಇದನ್ನೇ ಬಿಡಿಸಿ ಹೇಳಿದರು: ಅಮೆರಿಕದ ಪದ್ಧತಿಯಲ್ಲಿ ಸ್ಥಿರತೆ ಹೆಚ್ಚು, ಸಂಸದೀಯ ಪದ್ಧತಿಯಲ್ಲಿ ಹೊಣೆಗಾರಿಕೆ ಹೆಚ್ಚು, ಕರಡು ಹೊಣೆಗಾರಿಕೆಯನ್ನು ಆರಿಸಿಕೊಂಡಿದೆ. ಪ್ರಶ್ನೋತ್ತರ, ನಿಲುವಳಿ ಸೂಚನೆ, ಅವಿಶ್ವಾಸ ಗೊತ್ತುವಳಿಗಳ ಮೂಲಕ ಸರ್ಕಾರ ದಿನದಿನವೂ ಉತ್ತರ ಕೊಡಬೇಕೆಂಬುದು ಅವರ ವಾದ.

ಆ ಆಯ್ಕೆ ಸರಿ ಎಂದೇ ನನ್ನ ನಂಬಿಕೆ. 2019ರಲ್ಲಿ ಕೆಟ್ಟದ್ದು ತಲೆ ಎಣಿಕೆಯಲ್ಲ, ಶಾಸಕರನ್ನು ರೆಸಾರ್ಟುಗಳಲ್ಲಿ ಕೂಡಿಹಾಕಿದ ರಾಜಕಾರಣ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಅದಕ್ಕೆ ಕಡಿವಾಣ ಹಾಕಲಿಲ್ಲ. ಸ್ಪೀಕರ್ 17 ಶಾಸಕರನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಬಿಟ್ಟಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ 15 ಕ್ಷೇತ್ರಗಳ ಪೈಕಿ 12ನ್ನು ಬಿಜೆಪಿ ಗೆದ್ದಿತು. ಕುಮಾರಸ್ವಾಮಿ ಬಳಿಕ ಬಂದ ಬಿ.ಎಸ್. ಯಡಿಯೂರಪ್ಪ ಸರ್ಕಾರಕ್ಕೆ ಬಹುಮತ ಗಟ್ಟಿಯಾದದ್ದು ಆಗಲೇ.