ಆಟದ ಬೆಲೆ

ಕೊಳ್ಳುವವನು ಹಣವನ್ನು ಕೊಡುತ್ತಾನೆ. ಮಾರುವವನು ವಸ್ತುವನ್ನು ಕೊಡುತ್ತಾನೆ. ಅಲ್ಲಿಗೆ ವ್ಯವಹಾರವು ಮುಗಿಯಿತೆಂಬುದು ವ್ಯಾಪಾರದ ಹಳೆಯ ಕ್ರಮ. ವಿಡಿಯೊ ಆಟಗಳ ಮಾರಾಟವೂ ಬಹುಕಾಲ ಹೆಚ್ಚಾಗಿ ಹೀಗೆಯೇ ನಡೆಯಿತು. ಅಂತರಜಾಲವು ಮನೆಮನೆಗೆ ಬಂದ ಮೇಲೆ ಈ ಕ್ರಮವು ಬದಲಾಯಿತು. ಆಟವನ್ನು ಕೊಂಡವರು ಮತ್ತಷ್ಟು ಹಣ ತೆತ್ತು ಹೊಸ ಪಾತ್ರ, ಹೊಸ ಉಡುಪು, ಹೊಸ ಕಥಾಭಾಗಗಳನ್ನು ಡೌನ್‌ಲೋಡ್ ಮಾಡಿಕೊಳ್ಳುವ ಪದ್ಧತಿಯು ಬೆಳೆಯಿತು. ಇದನ್ನು 'ಡಿ.ಎಲ್.ಸಿ.' ಎಂದು ಕರೆಯುತ್ತಾರೆ. ಇದು ಕೊಳ್ಳುವವರಿಗೆ ನ್ಯಾಯವೇ ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಹುಟ್ಟಿತು.

ಅಮೆರಿಕದ ಬೆಥೆಸ್ಡಾ ಸಂಸ್ಥೆಯು 2006ರ ಮಾರ್ಚ್ ತಿಂಗಳಿನಲ್ಲಿ 'ಆಬ್ಲಿವಿಯನ್' ಎಂಬ ಆಟವನ್ನು ಹೊರತಂದಿತು. ಮರುತಿಂಗಳೇ, ಆಟದೊಳಗಿನ ಕುದುರೆಗೆ ತೊಡಿಸುವ ಕವಚವನ್ನು ಎಕ್ಸ್‌ಬಾಕ್ಸ್ 360 ಯಂತ್ರದಲ್ಲಿ ಆಡುವವರಿಗೆ 2.50 ಡಾಲರಿಗೆ ಮಾರಿತು. ಅದರಲ್ಲಿ ಹೊಸ ಪ್ರದೇಶವಾಗಲಿ ಹೊಸ ಕಥಾಭಾಗವಾಗಲಿ ಇರಲಿಲ್ಲ. ಆಟಗಾರರು ಅದನ್ನು ಗೇಲಿ ಮಾಡಿದರು. ಅದೇ ಸಂಸ್ಥೆಯು 2007ರಲ್ಲಿ 'ಷಿವರಿಂಗ್ ಐಲ್ಸ್' ಎಂಬ ವಿಸ್ತರಣೆಯನ್ನು ತಂದಿತು. ಅದರ ಬೆಲೆ ಕವಚದ ಬೆಲೆಗಿಂತ ಅನೇಕ ಪಟ್ಟು ಹೆಚ್ಚು. ಆದರೂ ಹೊಸ ನಾಡೊಂದನ್ನು, ದೀರ್ಘವಾದ ಕಥೆಯೊಂದನ್ನು ಒಳಗೊಂಡಿದ್ದುದರಿಂದ ಅದು ಮೆಚ್ಚುಗೆಯನ್ನು ಪಡೆಯಿತು. ಹಣ ಕೊಡಬೇಕಾಗಿ ಬಂದುದೇ ಆಟಗಾರರ ಬೇಸರಕ್ಕೆ ಕಾರಣವಲ್ಲವೆಂಬುದು ಇದರಿಂದ ತಿಳಿದುಬರುತ್ತದೆ. ಮತ್ತೊಂದು ಮಾತನ್ನೂ ಮರೆಯಬಾರದು. ಕವಚವು ದುಬಾರಿಯಾಗಿದ್ದಿರಬಹುದು, ಆದರೆ ಅದರಲ್ಲಿ ವಂಚನೆ ಇರಲಿಲ್ಲ. ಬೇಡವಾದವನು ಕೊಳ್ಳದೆಯೇ ಇಡೀ ಆಟವನ್ನು ಆಡಬಹುದಾಗಿತ್ತು.

2012ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯು ಹೊರತಂದ 'ಸ್ಟ್ರೀಟ್ ಫೈಟರ್ ಎಕ್ಸ್ ಟೆಕ್ಕೆನ್' ಎಂಬ ಆಟದ ಸಂಗತಿ ಬೇರೆ. ಅದರ ಡಿಸ್ಕಿನಲ್ಲಿಯೇ 12 ಪಾತ್ರಗಳು ಅಡಗಿದ್ದುವು. ಆದರೆ ಮುಂದೆ ಪ್ರತ್ಯೇಕವಾಗಿ ಹಣ ತೆತ್ತವರಿಗೆ ಮಾತ್ರ ಅವು ತೆರೆದುಕೊಳ್ಳುವಂತೆ ಏರ್ಪಡಿಸಲಾಗಿತ್ತು. ಪಾತ್ರಗಳನ್ನು ಕೊಂಡವರೂ ಕೊಳ್ಳದವರೂ ಪರಸ್ಪರ ಆಡಲು ಅನುಕೂಲವಾಗಲೆಂದು ಹೀಗೆ ಮಾಡಿದುದಾಗಿ ಸಂಸ್ಥೆಯು ಸಮಾಧಾನ ಹೇಳಿತು. ಆಟಗಾರರು ಅದನ್ನು ಒಪ್ಪಲಿಲ್ಲ. ಮನೆಯನ್ನು ಕೊಂಡವನು ಮುಂದೆ ಮಹಡಿಯನ್ನು ಕಟ್ಟಿಸಿದರೆ ಅದಕ್ಕೆ ಬೇರೆ ಹಣ ಕೊಡುವುದು ಸಹಜ. ಕೊಂಡ ಮನೆಯ ಒಂದು ಕೋಣೆಗೇ ಬೀಗ ಹಾಕಿ, ಬೀಗದ ಕೈಗೆ ಬೇರೆ ಬೆಲೆ ಕೇಳಿದರೆ ಯಾರು ತಾನೆ ಸಹಿಸಿಯಾರು?

ತಯಾರಕರ ವಾದದಲ್ಲಿಯೂ ತಥ್ಯವಿದೆ. ದೊಡ್ಡ ಆಟವೊಂದನ್ನು ರಚಿಸಲು ನೂರಾರು ಜನರು ವರ್ಷಗಟ್ಟಲೆ ದುಡಿಯುತ್ತಾರೆ. ಅಮೆರಿಕದಲ್ಲಿ 2005ರ ಸುಮಾರಿನಿಂದ 2020ರವರೆಗೆ ಪ್ರಮುಖ ಆಟಗಳ ಬೆಲೆ ಸಾಮಾನ್ಯವಾಗಿ 60 ಡಾಲರಿನಲ್ಲಿಯೇ ನಿಂತಿತ್ತು. ತಯಾರಿಕೆಯ ವೆಚ್ಚವಾದರೋ ಏರುತ್ತಲೇ ಇತ್ತು. ಚಿತ್ರಕಾರರ ಕೆಲಸವು ಆಟದ ಬಿಡುಗಡೆಗೆ ಮೊದಲೇ ಮುಗಿಯುವುದುಂಟು. ಆ ಬಿಡುವಿನಲ್ಲಿ ಅವರು ಹೊಸ ಭಾಗವನ್ನು ಸಿದ್ಧಗೊಳಿಸಿದರೆ ಅದು ಆಟದಿಂದ ಕಿತ್ತು ತೆಗೆದುದೆಂದು ಹೇಳಲಾಗದು.

ಆದುದರಿಂದ ನ್ಯಾಯಾನ್ಯಾಯಗಳನ್ನು ಬೆಲೆಯೊಂದರಿಂದಲೇ ಅಳೆಯಲಾಗದು. ಮೊದಲ ಹಣವನ್ನು ಕೊಡುವ ಗಳಿಗೆಯಲ್ಲಿ, ತನಗೆ ದೊರೆಯುವುದೇನು, ದೊರೆಯದಿರುವುದೇನು ಎಂಬುದು ಕೊಳ್ಳುವವನಿಗೆ ಸ್ಪಷ್ಟವಾಗಿ ತಿಳಿದಿತ್ತೆ ಎಂಬುದೇ ಇಲ್ಲಿನ ಒರೆಗಲ್ಲು. ಡಿಸ್ಕನ್ನು ಗೆಳೆಯನಿಗೆ ಕೊಡಬಹುದು, ಮರಳಿ ಮಾರಬಹುದು. ಡೌನ್‌ಲೋಡ್ ಮಾಡಿಕೊಂಡ ಭಾಗವು ಸಾಮಾನ್ಯವಾಗಿ ಕೊಂಡವನ ಖಾತೆಗೇ ಅಂಟಿಕೊಂಡಿರುತ್ತದೆ. ಅವನಿಗೆ ದೊರೆಯುವುದು ಬಳಕೆಯ ಪರವಾನಗಿ ಮಾತ್ರ. ಈ ವಿಷಯವನ್ನು ಮಾರುವವರು ಮುಚ್ಚಿಡದೆ ತಿಳಿಸಬೇಕೆಂದು ಕ್ಯಾಲಿಫೋರ್ನಿಯ ರಾಜ್ಯವು ವಿಧಿಸಿದ ಕಾನೂನು 2025ರ ಜನವರಿಯಿಂದ ಜಾರಿಗೆ ಬಂದಿತು.

ತಿಳಿಸುವುದು ಮಾರುವವನ ಧರ್ಮ. ವಿಚಾರಿಸುವುದು ಕೊಳ್ಳುವವನ ಜಾಣ್ಮೆ. ಗುಂಡಿಯೊಂದನ್ನು ಒತ್ತಿದೊಡನೆ ಹಣವು ಕೈಬಿಡುವ ಈ ಕಾಲದಲ್ಲಿ, ಒತ್ತುವ ಮೊದಲು ಕ್ಷಣಕಾಲ ನಿಂತು ಯೋಚಿಸುವವನು ಮೋಸಹೋಗುವುದು ಅಪರೂಪ.